ಏಕಾದಶಿ ಉಪವಾಸಕ್ಕೆ ನೊಬೆಲ್ ಬಂದಿತೇ? ಯೋಶಿನೋರಿ ಓಸುಮಿ ನಿಜವಾಗಿ ಮಾಡಿದ್ದೇನು?

ಮಲೆನಾಡ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಕಳೆದ ವಾರ ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮಾಡುತ್ತಿದ್ದೆ. ಜೀವಕೋಶದೊಳಗೆ ಕರಗಿಸುವ ಕಿಣ್ವಗಳನ್ನು ತುಂಬಿಕೊಂಡಿರುವ ಚೀಲಗಳಾದ ಲೈಸೋಸೋಮ್‌ಗಳಿಗೆ 'ಆತ್ಮಹತ್ಯಾ ಸಂಚಿ' ಎಂಬ ಹೆಸರು ಏಕೆ ಬಂತೆಂದು ಹೇಳುತ್ತಿರುವಾಗ ಒಬ್ಬ ಹುಡುಗಿ ಎದ್ದು ನಿಂತಳು. ಏಕಾದಶಿ ಉಪವಾಸ ಮಾಡಿದರೆ ಜೀವಕೋಶಗಳು ತಮ್ಮೊಳಗಿನ ಕಸವನ್ನು ತಾವೇ ತಿಂದು ಕ್ಯಾನ್ಸರ್ ಬಾರದಂತೆ ನೋಡಿಕೊಳ್ಳುತ್ತವೆ ಎಂದು ಜಪಾನಿನ ವಿಜ್ಞಾನಿಯೊಬ್ಬರು ಸಾಧಿಸಿ ತೋರಿಸಿ ನೊಬೆಲ್ ಪಡೆದರಂತೆ, ಹೌದೇ ಸರ್ ಎಂದು ಕೇಳಿದಳು. ಅವಳ ಅಜ್ಜಿಯ ವಾಟ್ಸ್ಆ್ಯಪ್‌ಗೆ ಹಾಗೊಂದು ಸಂದೇಶ ಬಂದಿದೆ. 2016ರಲ್ಲಿ ಯೋಶಿನೋರಿ ಓಸುಮಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಬಂದದ್ದು ನನಗೆ ಗೊತ್ತಿತ್ತು. ಆದರೆ ಅವರು ಮಾಡಿದ ಕೆಲಸ ಏನೆಂದು ಮಗುವಿಗೆ ಬಿಡಿಸಿ ಹೇಳುವಷ್ಟು ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆಂದು ಮಾತು ಕೊಟ್ಟು ವಾರವಾಯಿತು. ಬಲ್ಲವರು ತಿಳಿಸಿಕೊಡಬೇಕು.

ತುಂಗಾತೀರ:
ನಮ್ಮ ಮನೆಯ ಗುಂಪಿಗೂ ಅದೇ ಸಂದೇಶ ಬಂದಿತ್ತು, ಓಸುಮಿಯವರ ಚಿತ್ರದ ಸಮೇತ.

ಯೀಸ್ಟ್_ಸಂಶೋಧಕಿ:
ಮೇಷ್ಟ್ರೇ, ನಾನು ಪಿಎಚ್.ಡಿ.ಗಾಗಿ ಯೀಸ್ಟ್ ಮೇಲೆ ಇದೇ ವಿಷಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊದಲಿಗೆ ನೇರ ಉತ್ತರ: ಓಸುಮಿಯವರು ಮನುಷ್ಯರ ಉಪವಾಸದ ಮೇಲೆ ಪ್ರಯೋಗ ಮಾಡಿದವರಲ್ಲ. ಪ್ರಶಸ್ತಿ ಬಂದದ್ದು 'ಆಟೋಫೇಜಿ'ಯ ಕಾರ್ಯವಿಧಾನವನ್ನು ಕಂಡುಹಿಡಿದದ್ದಕ್ಕೆ. ಜೀವಕೋಶವು ತನ್ನದೇ ಒಳಭಾಗದ ತುಣುಕುಗಳನ್ನು ಪೊರೆಯ ಚೀಲದಲ್ಲಿ ಸುತ್ತಿಕೊಂಡು, ಕಿಣ್ವಗಳಿರುವ ಕೋಣೆಗೆ ಸಾಗಿಸಿ, ಅಲ್ಲಿ ಕರಗಿಸಿ, ಬಂದ ಅಮೈನೋ ಆಮ್ಲಗಳನ್ನು ಮತ್ತೆ ಬಳಸಿಕೊಳ್ಳುತ್ತದೆ. ಇದರ ಹೆಸರೇ ಆಟೋಫೇಜಿ. ಅವರು ಇದನ್ನು ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ಉಬ್ಬಿಸಲು ಬಳಸುವ ಸಾಮಾನ್ಯ ಯೀಸ್ಟಿನಲ್ಲಿ ಕಂಡರು.

ಅವರು ಅಲ್ಲಿಗೆ ತಲುಪಿದ ದಾರಿ ಬಹಳ ಸುತ್ತಿನದು. 1945ರಲ್ಲಿ ಫುಕುವೋಕಾದಲ್ಲಿ ಜನಿಸಿ, ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಓದಿ, 1974ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಎಡೆಲ್ಮನ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ಕೈಗೆತ್ತಿಕೊಂಡದ್ದು ಇಲಿಯ ಅಂಡವನ್ನು ದೇಹದ ಹೊರಗೆ ಫಲಿತಗೊಳಿಸುವ ಕೆಲಸ. ಅದು ಕೈಹಿಡಿಯಲಿಲ್ಲ. ಆಮೇಲೆ ಯೀಸ್ಟಿಗೆ ಬಂದರು. ಯೀಸ್ಟಿನ ಕೋಶಕೇಂದ್ರವನ್ನು ಬೇರ್ಪಡಿಸಲು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ನಳಿಕೆಯ ಮೇಲ್ಭಾಗದಲ್ಲಿ ಬಿಳಿಯ ಪದರವೊಂದು ತೇಲುತ್ತಿತ್ತು. ಕೋಶಕೇಂದ್ರ ಬೇಕಾದವರು ಚೆಲ್ಲಿಬಿಡುವ ಪದರ ಅದು. ಓಸುಮಿ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಅದರಲ್ಲಿದ್ದದ್ದು ಹೆಚ್ಚುಕಡಿಮೆ ಶುದ್ಧವಾದ ರಸದಾನಿಗಳು. ನೀವು ತರಗತಿಯಲ್ಲಿ ಸಸ್ಯಕೋಶದ ಚಿತ್ರದಲ್ಲಿ ದೊಡ್ಡದಾಗಿ ಬರೆಯಿಸುವ ರಸದಾನಿಯೇ. ಯೀಸ್ಟಿನಲ್ಲಿ ಅದು ಲೈಸೋಸೋಮಿನ ಕೆಲಸವನ್ನೂ ಮಾಡುತ್ತದೆ.

ಮಲೆನಾಡ_ಮೇಷ್ಟ್ರು:
ಮೇಡಂ, ಬಹಳ ಉಪಕಾರವಾಯಿತು. ದಯವಿಟ್ಟು ಮುಂದುವರಿಸಿ. ಉಪವಾಸ ಎಂಬ ಮಾತು ಇದರೊಳಗೆ ಎಲ್ಲಿಂದ ಬಂತು?

ಯೀಸ್ಟ್_ಸಂಶೋಧಕಿ:
ಹೇಳುತ್ತೇನೆ, ಏಕೆಂದರೆ ನನಗೆ ಅತ್ಯಂತ ಇಷ್ಟವಾದ ಭಾಗವೇ ಅದು. 1977ರಲ್ಲಿ ಜಪಾನಿಗೆ ಮರಳಿದ ಓಸುಮಿ, ಅನ್ರಾಕು ಅವರ ಪ್ರಯೋಗಾಲಯದಲ್ಲಿ ರಸದಾನಿಯ ಪೊರೆಯ ಮೂಲಕ ಅಮೈನೋ ಆಮ್ಲಗಳು ಹೇಗೆ ಸಾಗುತ್ತವೆ ಎಂಬ ಅಪ್ಪಟ ಜೀವರಸಾಯನಶಾಸ್ತ್ರದ ಕೆಲಸವನ್ನು ವರ್ಷಗಟ್ಟಲೆ ಮಾಡಿದರು. ರಸದಾನಿ ಎಂದರೆ ಜೀವಕೋಶದ ತಿಪ್ಪೆಗುಂಡಿ, ಅದರಲ್ಲಿ ನೋಡುವುದಕ್ಕೆ ಏನಿದೆ ಎಂದು ಹೆಚ್ಚಿನವರು ಭಾವಿಸಿದ್ದ ಕಾಲ ಅದು. 1988ರಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ, ಅವರಿಗೆ ಮೊದಲ ಬಾರಿಗೆ ಸ್ವಂತದ್ದೊಂದು ಚಿಕ್ಕ ಪ್ರಯೋಗಾಲಯ ಸಿಕ್ಕಿತು. ಆಗ ಅವರು ತಿಪ್ಪೆಗುಂಡಿಯ ಒಳಗೆ ಏನು ಬೀಳುತ್ತದೆ, ಅದು ಹೇಗೆ ಕರಗುತ್ತದೆ ಎಂದು ನೋಡಲು ಹೊರಟರು.

ತೊಡಕು ಒಂದಿತ್ತು. ರಸದಾನಿಯೊಳಗೆ ಬಿದ್ದದ್ದು ಕ್ಷಣಮಾತ್ರದಲ್ಲಿ ಕರಗಿಹೋದರೆ ಕಾಣುವುದು ಹೇಗೆ? ಧಗಧಗ ಉರಿಯುವ ಬಚ್ಚಲೊಲೆಗೆ ಎಷ್ಟು ಸೌದೆ ಹಾಕಿದರೆಂದು ಆಮೇಲೆ ಬಂದವರಿಗೆ ತಿಳಿಯುವುದಿಲ್ಲ. ಆರಿದ ಒಲೆಗೆ ಸೌದೆ ತುರುಕುತ್ತಾ ಹೋದರೆ ಮಾತ್ರ ಅದು ರಾಶಿ ಬಿದ್ದು ಕಾಣುತ್ತದೆ. ಓಸುಮಿ ಮಾಡಿದ್ದು ಇದನ್ನೇ. ರಸದಾನಿಯಲ್ಲಿ ಪ್ರೋಟೀನ್ ಕರಗಿಸುವ ಕಿಣ್ವಗಳು ಕೆಲಸ ಮಾಡದ ಯೀಸ್ಟ್ ತಳಿಗಳನ್ನು ತೆಗೆದುಕೊಂಡು, ಸಾರಜನಕವಿಲ್ಲದ ದ್ರಾವಣದಲ್ಲಿ ಇಟ್ಟರು. ಯೀಸ್ಟಿಗೆ ಅದೇ ಉಪವಾಸ. ಕೆಲವೇ ಗಂಟೆಗಳಲ್ಲಿ ರಸದಾನಿಯ ತುಂಬ ಸಣ್ಣ ಸಣ್ಣ ಗುಂಡುಗಳು ಸೇರಿಕೊಂಡು, ಒಂದೆಡೆ ನಿಲ್ಲದೆ ಪುಟಿಯುತ್ತಿದ್ದವು. ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕದಲ್ಲೇ ಅದು ಕಂಡಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಗುಂಡುಗಳೊಳಗೆ ಜೀವಕೋಶದ ದ್ರವ್ಯವೇ, ರೈಬೋಸೋಮ್‌ಗಳ ಸಮೇತ, ತುಂಬಿರುವುದು ಖಚಿತವಾಯಿತು. ಆ ಪ್ರಬಂಧ ಪ್ರಕಟವಾದದ್ದು 1992ರಲ್ಲಿ.

ಸನಾತನಿ_ಉಡುಪಿ:
ಎಲ್ಲವನ್ನೂ ಓದಿದೆ. ಆದರೆ ಕೊನೆಗೆ ನೀವು ಹೇಳಿದ್ದೂ ಉಪವಾಸದ ವಿಷಯವನ್ನೇ ಅಲ್ಲವೇ? ಆಹಾರ ನಿಂತಾಗ ಜೀವಕೋಶ ತನ್ನನ್ನು ತಾನು ಶುದ್ಧಿ ಮಾಡಿಕೊಳ್ಳುತ್ತದೆ ಎಂದ ಮೇಲೆ ಹಿರಿಯರು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಲು ಏನು ಅಡ್ಡಿ? ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ನಿರ್ಜಲ ಏಕಾದಶಿ ನಡೆದುಬಂದಿದೆ. ಅದನ್ನು ಮೂಢನಂಬಿಕೆ ಎಂದು ಬಿಂಬಿಸುವುದು ನನಗೆ ನೋವು ತರುತ್ತದೆ.

ಯೀಸ್ಟ್_ಸಂಶೋಧಕಿ:
ಇಲ್ಲಿ ಯಾರೂ ಮೂಢನಂಬಿಕೆ ಎಂದಿಲ್ಲ, ಸರ್. ನಮ್ಮ ಅಜ್ಜಿಯೂ ಏಕಾದಶಿ ಮಾಡುತ್ತಿದ್ದರು, ದ್ವಾದಶಿಯ ಬೆಳಿಗ್ಗೆ ಅವರ ಪಾರಣೆಗೆ ಎಲೆ ಹಾಕುತ್ತಿದ್ದವಳು ನಾನೇ. ಅವರು ಉಪವಾಸ ಮಾಡುತ್ತಿದ್ದದ್ದು ಹರಿಯ ಮೇಲಿನ ಭಕ್ತಿಯಿಂದ. ಪ್ರೋಟೀನ್ ಕರಗಿಸಿಕೊಳ್ಳಬೇಕೆಂದು ಅಲ್ಲ. ವ್ರತಕ್ಕೆ ಅದರದೇ ಗೌರವವಿದೆ, ಅದಕ್ಕೆ ಸ್ಟಾಕ್‌ಹೋಮಿನ ಮುದ್ರೆ ಬೇಕಿಲ್ಲ ಎಂದು ನಾನು ನಂಬುತ್ತೇನೆ. ನನ್ನ ತಕರಾರು ಇರುವುದು ಸಂದೇಶದಲ್ಲಿರುವ ಸುಳ್ಳಿನ ಬಗ್ಗೆ: ಓಸುಮಿ ಮಾಡದ ಪ್ರಯೋಗವನ್ನು ಅವರ ಹೆಸರಿಗೆ ಹಚ್ಚಿ, ಅವರು ನಿಜವಾಗಿ ಪಟ್ಟ ಶ್ರಮವನ್ನು ಅಳಿಸಿಹಾಕಿದ್ದಾರೆ.

ಹಳೆಯ_ಪ್ರಾಧ್ಯಾಪಕ:
ಈ ಚರ್ಚೆಯಲ್ಲಿ ಇನ್ನೊಬ್ಬರ ಹೆಸರು ಬರದಿದ್ದರೆ ಅನ್ಯಾಯವಾಗುತ್ತದೆ. 'ಆಟೋಫೇಜಿ' ಎಂಬ ಪದವನ್ನು 1963ರಲ್ಲಿ ಟಂಕಿಸಿದವರು ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ದ ದ್ಯೂವ್. ಲೈಸೋಸೋಮನ್ನು ಕಂಡುಹಿಡಿದು ಹೆಸರಿಟ್ಟವರೂ ಅವರೇ. ನಾನು ಜೀವರಸಾಯನಶಾಸ್ತ್ರ ಕಲಿಸುತ್ತಿದ್ದ ಮೂವತ್ತು ವರ್ಷಗಳಲ್ಲಿ ಪ್ರತಿ ವರ್ಷವೂ ಮೊದಲ ತರಗತಿಯಲ್ಲಿ ಅವರ ಕಥೆಯನ್ನು ಹೇಳುತ್ತಿದ್ದೆ.

1949ರ ಸುಮಾರಿಗೆ ಅವರು ಲುವೇನಿನಲ್ಲಿ ಇನ್ಸುಲಿನ್ನಿನ ಕೆಲಸವನ್ನು ತಿಳಿಯಲೆಂದು ಇಲಿಯ ಯಕೃತ್ತನ್ನು ಅರೆದು ಕಿಣ್ವಗಳನ್ನು ಅಳೆಯುತ್ತಿದ್ದರು. ಹೋಲಿಕೆಗೆಂದು ಇಟ್ಟುಕೊಂಡಿದ್ದ ಆ್ಯಸಿಡ್ ಫಾಸ್ಫಟೇಸ್ ಎಂಬ ಕಿಣ್ವದ ಚಟುವಟಿಕೆ ಇರಬೇಕಾದುದರ ಹತ್ತನೇ ಒಂದು ಭಾಗದಷ್ಟು ಮಾತ್ರ ಕಂಡಿತು. ಬೇರೆಯವರಾಗಿದ್ದರೆ ಅಳತೆ ತಪ್ಪಿತೆಂದು ಚೆಲ್ಲುತ್ತಿದ್ದರು. ಅವರು ಅದೇ ಮಾದರಿಯನ್ನು ಶೀತಕದಲ್ಲಿಟ್ಟು ಐದು ದಿನಗಳ ಮೇಲೆ ಮತ್ತೆ ಅಳೆದರು. ಕಿಣ್ವ ಪೂರ್ತಿಯಾಗಿ ಮರಳಿ ಬಂದಿತ್ತು! ಅಂದರೆ ಅದು ಎಲ್ಲಿಗೂ ಹೋಗಿರಲಿಲ್ಲ. ಪೊರೆಯ ಚೀಲವೊಂದರಲ್ಲಿ ಕೂಡಿಟ್ಟಂತಿತ್ತು, ಚೀಲ ಹಳತಾಗಿ ಹರಿದಾಗ ಹೊರಬಂತು. 1955ರಲ್ಲಿ ಆ ಚೀಲಕ್ಕೆ ಲೈಸೋಸೋಮ್ ಎಂದು ಹೆಸರಾಯಿತು, 1974ರಲ್ಲಿ ಅವರಿಗೂ ನೊಬೆಲ್ ಬಂತು. ಓಸುಮಿ ತಮ್ಮ ಡಾಕ್ಟರೇಟ್ ಪಡೆದ ವರ್ಷವೇ ಅದು.

'ಆತ್ಮಹತ್ಯಾ ಸಂಚಿ' ಎಂಬ ಹೆಸರು ಮಕ್ಕಳ ಮನಸ್ಸಿನಲ್ಲಿ ತಪ್ಪು ಚಿತ್ರವನ್ನು ಕೂರಿಸುತ್ತದೆ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ದಿನನಿತ್ಯ ಮನೆಯ ಹಳೆಯ ಸಾಮಾನನ್ನು ಕರಗಿಸಿ ಹೊಸದಕ್ಕೆ ಒದಗಿಸುವ ಕಮ್ಮಾರಸಾಲೆಯಂತೆ ಇರುವ ಅಂಗ ಅದು. ನಮ್ಮ ದೇಹ ದಿನಕ್ಕೆ 200ರಿಂದ 300 ಗ್ರಾಂ ಪ್ರೋಟೀನನ್ನು ಹೊಸದಾಗಿ ಕಟ್ಟುತ್ತದೆ, ಆದರೆ ಊಟದಿಂದ ಬರುವುದು 70 ಗ್ರಾಂ ಆಸುಪಾಸು. ಉಳಿದದ್ದು ನಮ್ಮದೇ ಹಳೆಯ ಪ್ರೋಟೀನುಗಳು ಒಡೆದು ಬರುವುದು.

ಮಲೆನಾಡ_ಮೇಷ್ಟ್ರು:
ಸರ್, ಐದು ದಿನಗಳ ಆ ಪ್ರಸಂಗವನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ.

ಪ್ರಶ್ನಾರ್ಥಕ:
ಹಾಗಾದರೆ ಪದವೂ ಇತ್ತು, ವಿದ್ಯಮಾನವೂ ಗೊತ್ತಿತ್ತು. ಓಸುಮಿ ಹೊಸದಾಗಿ ಮಾಡಿದ್ದು ಯೀಸ್ಟಿನಲ್ಲಿ ಅದನ್ನು ಮತ್ತೊಮ್ಮೆ ನೋಡಿದ್ದಷ್ಟೇ ಆಯಿತಲ್ಲ. ಒಬ್ಬರಿಗೇ ಪೂರ್ತಿ ನೊಬೆಲ್ ಕೊಡುವಷ್ಟು ದೊಡ್ಡದೇ ಅದು?

ಯೀಸ್ಟ್_ಸಂಶೋಧಕಿ:
ನೋಡಿದ್ದು ಮೊದಲ ಅರ್ಧ ಮಾತ್ರ. ಅದನ್ನು ನಡೆಸುವ ವಂಶವಾಹಿಗಳು ಯಾವುವು ಎಂಬುದು ಆ ತನಕ ಯಾರಿಗೂ ಗೊತ್ತಿರಲಿಲ್ಲ. ವಂಶವಾಹಿ ತಿಳಿಯದಿದ್ದರೆ ಈ ಕ್ರಿಯೆಯನ್ನು ನಿಲ್ಲಿಸಿ ನೋಡಲಾಗದು, ನಿಲ್ಲಿಸದೆ ಅದರ ಅಗತ್ಯ ಏನೆಂದು ತಿಳಿಯದು. ಓಸುಮಿ ಮತ್ತು ಅವರ ವಿದ್ಯಾರ್ಥಿನಿ ಮಿಕಿ ತ್ಸುಕಾಡಾ ಯೀಸ್ಟಿನ ವಂಶವಾಹಿಗಳನ್ನು ರಾಸಾಯನಿಕದಿಂದ ಯದ್ವಾತದ್ವಾ ಕೆಡಿಸಿ, ಹುಟ್ಟಿದ ಸಾವಿರಾರು ತಳಿಗಳನ್ನು ಉಪವಾಸ ಕೆಡವಿ, ಯಾವುದರ ರಸದಾನಿಯಲ್ಲಿ ಆ ಗುಂಡುಗಳು ಸೇರುವುದಿಲ್ಲವೋ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಹುಡುಕಿದರು. ಮೊದಲು ಸಿಕ್ಕಿದ್ದು ಒಂದೇ ಒಂದು ತಳಿ. ಆ ತಳಿ ಉಪವಾಸದಲ್ಲಿ ಬಹುಬೇಗ ಸಾಯುತ್ತದೆ ಎಂಬುದನ್ನು ಅವರು ಗಮನಿಸಿದರು. ಆಮೇಲೆ ಹುಡುಕಾಟಕ್ಕೆ ದಾರಿ ಸಲೀಸಾಯಿತು: ಹಸಿವಿನಲ್ಲಿ ಬೇಗ ಸಾಯುವವುಗಳನ್ನು ಮೊದಲು ಆರಿಸು, ಆಮೇಲೆ ರಸದಾನಿ ನೋಡು. 1993ರಲ್ಲಿ 15 ವಂಶವಾಹಿಗಳ ಪಟ್ಟಿಯೊಂದಿಗೆ ಪುಟ್ಟ ಪ್ರಬಂಧವೊಂದು ಪ್ರಕಟವಾಯಿತು. ಇಂದು ಜಗತ್ತಿನಾದ್ಯಂತ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಆ ಪ್ರಬಂಧದ ಮೇಲೆಯೇ ನಿಂತಿದ್ದೇವೆ. ಉಪವಾಸ ಮಾಡಿದ್ದರಿಂದ ಜೀವಕೋಶ ಗಟ್ಟಿಯಾಯಿತು ಎಂದು ಅವರು ತೋರಿಸಲಿಲ್ಲ, ಉಪವಾಸದಲ್ಲಿ ಬದುಕುಳಿಯಲು ಆಟೋಫೇಜಿ ಬೇಕೇಬೇಕು ಎಂದು ತೋರಿಸಿದರು. ಎರಡಕ್ಕೂ ಬಹಳ ಅಂತರವಿದೆ.

ಪ್ರಶ್ನಾರ್ಥಕ:
ಒಪ್ಪಿದೆ. ಆದರೆ ಅದೇ ಕಾಲದಲ್ಲಿ ಜರ್ಮನಿಯ ಮೈಕೇಲ್ ಥುಮ್ ಮತ್ತು ಅಮೆರಿಕದ ಡೇನಿಯಲ್ ಕ್ಲಿಯಾನ್‌ಸ್ಕಿ ಅವರ ತಂಡಗಳೂ ಯೀಸ್ಟಿನಲ್ಲಿ ಇಂಥವೇ ತಳಿಗಳನ್ನು ಹುಡುಕಿದ್ದವಲ್ಲವೇ? ಮೂರು ತಂಡಗಳು ಮೂರು ಬಗೆಯ ಹೆಸರಿಟ್ಟದ್ದರಿಂದ ಗೊಂದಲವಾಗಿ, 2003ರಲ್ಲಿ ಎಲ್ಲವನ್ನೂ ಎಟಿಜಿ ಎಂಬ ಒಂದೇ ಹೆಸರಿನ ಕೆಳಗೆ ತಂದರು. ಮೂವರ ತನಕ ಹಂಚಿಕೊಳ್ಳಲು ಅವಕಾಶವಿದ್ದ ಪ್ರಶಸ್ತಿ ಅದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ತೆಗೆದ ಮಿಸುಜು ಬಾಬಾ, ಈಗ ನೀವು ಹೇಳಿದ ತ್ಸುಕಾಡಾ, ಇವರ ಹೆಸರನ್ನು ಯಾರು ನೆನೆಯುತ್ತಾರೆ?

ಹಳೆಯ_ಪ್ರಾಧ್ಯಾಪಕ:
ನಿಮ್ಮ ಮಾತಿನ ಎರಡನೆಯ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ಮೊದಲನೆಯದಕ್ಕೆ ಮಾತ್ರ ಒಂದು ಮಾತು. ವಂಶವಾಹಿಗಳ ಪಟ್ಟಿಯಲ್ಲಿಯೇ ಓಸುಮಿ ನಿಂತಿದ್ದರೆ ಹಂಚಬೇಕಿತ್ತು ಎನ್ನಬಹುದಿತ್ತು. 1996ರಲ್ಲಿ ಒಕಾಜಾಕಿಯ ಸಂಸ್ಥೆಗೆ ಹೋದ ಮೇಲೆ ಅವರ ತಂಡ ಮಾಡಿದ ಜೀವರಸಾಯನಶಾಸ್ತ್ರವನ್ನು ನೋಡಿ. ಆ ವಂಶವಾಹಿಗಳ ಪ್ರೋಟೀನುಗಳಲ್ಲಿ ಬಹುತೇಕ ಎಲ್ಲವೂ ಆ ಹೊತ್ತಿಗೆ ತಿಳಿದಿದ್ದ ಯಾವ ಪ್ರೋಟೀನನ್ನೂ ಹೋಲುತ್ತಿರಲಿಲ್ಲ. ಆದ್ದರಿಂದ ಅವುಗಳ ಕೆಲಸವನ್ನು ಊಹಿಸುವುದಕ್ಕೂ ಆಧಾರವಿರಲಿಲ್ಲ. 1998ರಲ್ಲಿ ಒಂದು ಪ್ರೋಟೀನು ಇನ್ನೊಂದಕ್ಕೆ ರಾಸಾಯನಿಕ ಬಂಧದಿಂದಲೇ ಜೋಡಣೆಯಾಗುತ್ತದೆಂದು ನೊಬೊರು ಮಿಜುಶಿಮಾ ಅವರೊಂದಿಗೆ ತೋರಿಸಿದರು. 2000ದಲ್ಲಿ ಅದಕ್ಕಿಂತ ಅಚ್ಚರಿಯ ಸಂಗತಿ ಹೊರಬಂತು: ಎಟಿಜಿ8 ಎಂಬ ಪ್ರೋಟೀನು ಪೊರೆಯ ಕೊಬ್ಬಿನ ಅಣುವಿಗೇ ಅಂಟಿಕೊಳ್ಳುತ್ತದೆ. ಚೀಲ ಬೆಳೆಯುವುದಕ್ಕೆ ಅದು ಬೇಕು. ಪ್ರೋಟೀನು ಮತ್ತು ಕೊಬ್ಬಿನ ನಡುವಣ ಆ ಬಂಧದ ಚಿತ್ರವನ್ನು ಮೊದಲ ಸಲ ಪತ್ರಿಕೆಯಲ್ಲಿ ನೋಡಿದ ದಿನ ನಾನು ಊಟಕ್ಕೆ ಏಳುವುದನ್ನೇ ಮರೆತಿದ್ದೆ.

ಗುತ್ತಿಗೆ_ಸಂಶೋಧಕ:
ನನ್ನನ್ನು ತಟ್ಟಿದ್ದು ವಯಸ್ಸಿನ ವಿಷಯ. 43ಕ್ಕೆ ಮೊದಲ ಸ್ವಂತ ಪ್ರಯೋಗಾಲಯ, 51ಕ್ಕೆ ಪೂರ್ಣ ಪ್ರಾಧ್ಯಾಪಕ ಹುದ್ದೆ, 71ಕ್ಕೆ ನೊಬೆಲ್. ನಾನು ಸಂದರ್ಶನಕ್ಕೆ ಹೋದ ಸಂಸ್ಥೆಯೊಂದರಲ್ಲಿ 'ನಿಮ್ಮ ವಿಷಯದಿಂದ ರೋಗಿಗೆ ಐದು ವರ್ಷದಲ್ಲಿ ಏನು ಲಾಭ' ಎಂಬುದು ಮೊದಲ ಪ್ರಶ್ನೆ, 'ನಿಮಗೆ 36 ದಾಟಿತಲ್ಲ' ಎಂಬುದು ಎರಡನೆಯದು. 1988ರಲ್ಲಿ ಓಸುಮಿಯವರನ್ನು ಹಾಗೆ ಕೇಳಿದ್ದರೆ ಅವರ ಬಳಿ ಉತ್ತರವಿರುತ್ತಿರಲಿಲ್ಲ. ಪ್ರಶಸ್ತಿ ಬಂದ ಮೇಲೆ ಅವರು ಇದನ್ನೇ ಗಟ್ಟಿಯಾಗಿ ಹೇಳಿದರು: ತಕ್ಷಣದ ಪ್ರಯೋಜನದ ಹಂಗಿಲ್ಲದ ಮೂಲ ವಿಜ್ಞಾನಕ್ಕೆ ಸಮಾಜ ಹಣ ಕೊಡಬೇಕು ಎಂದು. ಬರೀ ಹೇಳಿ ಬಿಡಲಿಲ್ಲ, ಪ್ರಶಸ್ತಿಯ ಹಣವನ್ನು ಹಾಕಿ 2017ರಲ್ಲಿ ಅದಕ್ಕೆಂದೇ ಪ್ರತಿಷ್ಠಾನವೊಂದನ್ನು ಕಟ್ಟಿದರು.

ತುಂಗಾತೀರ:
ಕುಟುಂಬ ನಡೆಸುವವರಿಗೆ 43ರ ತನಕ ಕಾಯುವುದು ಎಲ್ಲರಿಗೂ ಸಾಧ್ಯವೇ? ಅದನ್ನೂ ಹೇಳಬೇಕು.

ಗುತ್ತಿಗೆ_ಸಂಶೋಧಕ:
ಸಾಧ್ಯವಿಲ್ಲ. ಅವರಿಗೂ ಕಷ್ಟವೇ ಆಗಿತ್ತು. ಪತ್ನಿ ಮಾರಿಕೋ ಅವರೂ ವಿಜ್ಞಾನಿ, ಇವರ ಕೆಲಸದಲ್ಲಿಯೂ ಜೊತೆಗೂಡಿದವರು. ಮನೆ ಮತ್ತು ಪ್ರಯೋಗಾಲಯ ಎರಡನ್ನೂ ಹೊತ್ತವರ ಹೆಸರು ಸಂದೇಶಗಳಲ್ಲಿ ಬರುವುದಿಲ್ಲ.

ಊರಿನ_ವೈದ್ಯೆ:
ನಾನು ತಾಲ್ಲೂಕು ಮಟ್ಟದಲ್ಲಿ ರೋಗಿಗಳನ್ನು ನೋಡುವವಳು. ಈ ಸಂದೇಶದಿಂದ ಆಗುವ ಹಾನಿ ನನ್ನ ಮೇಜಿನ ಎದುರಿಗೆ ಬಂದು ಕೂರುತ್ತದೆ. ಸಕ್ಕರೆ ಕಾಯಿಲೆಗೆ ಗ್ಲೈಮಿಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಡೀ ದಿನ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ. 'ನೊಬೆಲ್ ಬಂದಿದೆ' ಎಂಬ ಮಾತು ಅವರ ಭಯವನ್ನು ಕಳೆಯುತ್ತದೆ, ಅಪಾಯವನ್ನು ಕಳೆಯುವುದಿಲ್ಲ.

ಕ್ಯಾನ್ಸರಿನ ಮಾತೂ ಅಷ್ಟು ಸರಳವಲ್ಲ. ಆಟೋಫೇಜಿಗೆ ಬೇಕಾದ ಬೆಕ್ಲಿನ್ ಎಂಬ ವಂಶವಾಹಿಗೂ ಗೆಡ್ಡೆ ಬೆಳೆಯದಂತೆ ತಡೆಯುವುದಕ್ಕೂ ಸಂಬಂಧವಿದೆ ಎಂದು ಬೆತ್ ಲೆವಿನ್ ಅವರ ತಂಡ 1999ರಲ್ಲಿ ತೋರಿಸಿತು, ಅದು ನಿಜ. ಆದರೆ ಒಮ್ಮೆ ಬೆಳೆದ ಗೆಡ್ಡೆಯ ಜೀವಕೋಶಗಳು ಆಹಾರ ಸಾಲದಿದ್ದಾಗ ಇದೇ ಆಟೋಫೇಜಿಯಿಂದ ಹೊಟ್ಟೆ ಹೊರೆದುಕೊಂಡು ಉಳಿಯುತ್ತವೆ. ಅದಕ್ಕಾಗಿಯೇ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು ಆಟೋಫೇಜಿಯನ್ನು ತಡೆದು ಕ್ಯಾನ್ಸರಿಗೆ ಚಿಕಿತ್ಸೆ ಮಾಡಬಹುದೇ ಎಂದು ಪರೀಕ್ಷೆಗಳು ನಡೆದಿವೆ. ಒಂದೇ ಕ್ರಿಯೆ ಒಂದು ಹಂತದಲ್ಲಿ ಕಾಯುತ್ತದೆ, ಇನ್ನೊಂದು ಹಂತದಲ್ಲಿ ಶತ್ರುವನ್ನು ಸಾಕುತ್ತದೆ.

ಸನಾತನಿ_ಉಡುಪಿ:
ಮೇಡಂ, ಮಾತ್ರೆ ತೆಗೆದುಕೊಳ್ಳುವವರು, ಬಾಣಂತಿಯರು, ಮಕ್ಕಳು, ವೃದ್ಧರು ಉಪವಾಸ ಮಾಡಬೇಕಾಗಿಲ್ಲ ಎಂದು ನಮ್ಮಲ್ಲಿಯೂ ಹೇಳುತ್ತಾರೆ. ನಮ್ಮ ತಂದೆಗೂ ಸಕ್ಕರೆ ಕಾಯಿಲೆ ಇದೆ, ಅವರು ಹಣ್ಣು ಹಾಲು ತೆಗೆದುಕೊಳ್ಳುತ್ತಾರೆ. ಸಂದೇಶವನ್ನು ನಾನೂ ನಾಲ್ಕು ಗುಂಪುಗಳಿಗೆ ಕಳುಹಿಸಿದ್ದೆ. ಆ ಗುಂಪುಗಳಿಗೆ ಇಂದು ತಿದ್ದುಪಡಿ ಹಾಕುತ್ತೇನೆ. ಆದರೂ ಒಂದು ಪ್ರಶ್ನೆ ಉಳಿದಿದೆ. ನಮ್ಮ ದೇಹದಲ್ಲಿ ಒಂದು ದಿನದ ಉಪವಾಸದಿಂದ ಆಟೋಫೇಜಿ ಹೆಚ್ಚುತ್ತದೆಯೋ ಇಲ್ಲವೋ?

ಯೀಸ್ಟ್_ಸಂಶೋಧಕಿ:
ಒಳ್ಳೆಯ ಪ್ರಶ್ನೆ, ಸರ್. ಇಲಿಗಳನ್ನು ಒಂದು ದಿನ ಉಪವಾಸ ಇಟ್ಟರೆ ಯಕೃತ್ತು, ಸ್ನಾಯು ಮುಂತಾದ ಹಲವು ಅಂಗಗಳಲ್ಲಿ ಹೆಚ್ಚುವುದನ್ನು ಹಸಿರು ಬೆಳಕು ಬೀರುವ ಪ್ರೋಟೀನಿನ ಗುರುತಿನಿಂದ ಕಣ್ಣಾರೆ ಕಂಡಿದ್ದಾರೆ. ಆದರೆ ಇಲಿಗೆ ಒಂದು ದಿನ ಎಂದರೆ ಮನುಷ್ಯನಿಗೆ ಒಂದು ದಿನದಂತೆ ಅಲ್ಲ, ಅದರ ಮೈ ಬಹುಬೇಗ ಸವೆಯುತ್ತದೆ. ಜೀವಂತ ಮನುಷ್ಯನಲ್ಲಿ ಇದನ್ನು ಅಳೆಯಬೇಕಾದರೆ ಅಂಗದ ತುಣುಕನ್ನೇ ತೆಗೆದು ನೋಡಬೇಕಾಗುತ್ತದೆ. ಸಕ್ಕರೆ ನೋಡಿದಂತೆ ಬೆರಳು ಚುಚ್ಚಿ ಆಟೋಫೇಜಿ ನೋಡುವ ಪರೀಕ್ಷೆ ಆಸ್ಪತ್ರೆಗಳಲ್ಲಿ ಇಲ್ಲ. ಆದ್ದರಿಂದ '16 ಗಂಟೆಗೆ ಶುರುವಾಗುತ್ತದೆ' ಎಂದು ಗಂಟೆ ಲೆಕ್ಕ ಕೊಡುವವರನ್ನು ನಂಬಬೇಡಿ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಎಟಿಜಿ5 ಎಂಬ ವಂಶವಾಹಿ ಇಲ್ಲದ ಇಲಿಮರಿಗಳು ಹುಟ್ಟುವಾಗ ನೋಡಲು ಚೆನ್ನಾಗಿಯೇ ಇರುತ್ತವೆ, ಆದರೆ ಒಂದು ದಿನದೊಳಗೆ ಸಾಯುತ್ತವೆ. 2004ರಲ್ಲಿ ಮಿಜುಶಿಮಾ, ಓಸುಮಿ ಮತ್ತಿತರರು ಪ್ರಕಟಿಸಿದ್ದು. ಹೊಕ್ಕುಳಬಳ್ಳಿಯಿಂದ ಬರುತ್ತಿದ್ದ ಆಹಾರ ಥಟ್ಟನೆ ನಿಂತು, ತಾಯಿಯ ಹಾಲು ಸಾಕಷ್ಟು ಸಿಗುವ ತನಕದ ಆ ಕೆಲವು ಗಂಟೆಗಳನ್ನು ಮರಿ ತನ್ನ ಮೈಯ ಪ್ರೋಟೀನನ್ನೇ ಕರಗಿಸಿಕೊಂಡು ದಾಟುತ್ತದೆ. ಹುಟ್ಟಿದ ಗಳಿಗೆಯ ಆ ಹಸಿವನ್ನು ಓದಿದ ಮೇಲೆಯೇ ನಾನು ಈ ವಿಷಯವನ್ನು ಆರಿಸಿಕೊಂಡದ್ದು.

ಪದಪ್ರೇಮಿ:
ಕನ್ನಡದಲ್ಲಿ ಇದಕ್ಕೆ 'ಸ್ವಭಕ್ಷಣೆ' ಎನ್ನಬಹುದಲ್ಲವೇ?

ಹಳೆಯ_ಪ್ರಾಧ್ಯಾಪಕ:
ಅರ್ಥಕ್ಕೆ ಸರಿ, ಆದರೆ ಕಿವಿಗೆ ಭೀಕರ. 'ಆತ್ಮಹತ್ಯಾ ಸಂಚಿ'ಯ ತಪ್ಪನ್ನೇ ಇನ್ನೊಮ್ಮೆ ಮಾಡಿದಂತಾದೀತು. ಮಕ್ಕಳಿಗೆ ಆಟೋಫೇಜಿ ಎಂದೇ ಹೇಳಿ, ಕೆಲಸವನ್ನು ಕನ್ನಡದಲ್ಲಿ ವಿವರಿಸಿ.

ಮಲೆನಾಡ_ಮೇಷ್ಟ್ರು:
ಎಲ್ಲರಿಗೂ ವಂದನೆಗಳು. ನಿನ್ನೆ ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ, ಅಷ್ಟಕ್ಕೆ ನಿಲ್ಲಿಸಲು ಮನಸ್ಸಾಗಲಿಲ್ಲ. ಪೇಟೆಯ ಬೇಕರಿಯಿಂದ ಒಂದು ಚಮಚ ಯೀಸ್ಟ್ ತಂದು, ಒಂದು ಲೋಟ ಸಕ್ಕರೆ ನೀರಿನಲ್ಲಿ, ಇನ್ನೊಂದು ಲೋಟ ಬರೀ ನೀರಿನಲ್ಲಿ ರಾತ್ರಿಯಿಡೀ ಇಟ್ಟೆವು. ಶಾಲೆಯ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದಾಗಿಸಿ ನೋಡಿದಾಗ ಮೊಟ್ಟೆಯಾಕಾರದ ಯೀಸ್ಟಿನ ಒಳಗೆ ತಿಳಿಯಾದ ದುಂಡನೆಯ ರಸದಾನಿ ಸ್ಪಷ್ಟವಾಗಿ ಕಂಡಿತು. ಕೆಲವದರ ಒಳಗೆ ಕಪ್ಪು ಚುಕ್ಕೆಯೊಂದು ಕುಣಿಯುತ್ತಿತ್ತು. 'ಓಸುಮಿಯವರ ಗುಂಡು ಸಿಕ್ಕಿತು ಸರ್' ಎಂದು ಆ ಹುಡುಗಿ ಕೂಗಿಕೊಂಡಳು. ಸಾಲಿನಲ್ಲಿ ನಿಂತಿದ್ದ 38 ಮಕ್ಕಳೂ ನೋಡುವ ತನಕ ಗಂಟೆ ಹೊಡೆದರೂ ಯಾರೂ ಹೊರಗೆ ಹೋಗಲಿಲ್ಲ.

ಯೀಸ್ಟ್_ಸಂಶೋಧಕಿ:
ಮೇಷ್ಟ್ರೇ, ಓದಿ ಬಹಳ ಸಂತೋಷವಾಯಿತು. ಒಂದು ತಿದ್ದುಪಡಿಯನ್ನು ಮಾತ್ರ ಆ ಹುಡುಗಿಗೆ ಹೇಳಲೇಬೇಕು. ಬೇಕರಿಯ ಯೀಸ್ಟಿನಲ್ಲಿ ಕರಗಿಸುವ ಕಿಣ್ವಗಳು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತವೆ. ಆದ್ದರಿಂದ ಆಟೋಫೇಜಿಯ ಗುಂಡುಗಳು ಒಳಗೆ ಬಿದ್ದ ಕೂಡಲೇ ಕರಗಿಹೋಗುತ್ತವೆ, ಕಣ್ಣಿಗೆ ಸಿಗುವುದಿಲ್ಲ. ಅವಳು ಕಂಡ ಕುಣಿಯುವ ಚುಕ್ಕೆ ಬಹುಶಃ ಪಾಲಿಫಾಸ್ಫೇಟಿನ ಕಣ. ಯೀಸ್ಟು ರಂಜಕವನ್ನು ಹಾಗೆ ಗಂಟು ಕಟ್ಟಿ ರಸದಾನಿಯಲ್ಲಿ ಕೂಡಿಡುತ್ತದೆ. ಕುಣಿತ ಮಾತ್ರ ಓಸುಮಿ ಕಂಡದ್ದರಂತೆಯೇ, ಸುತ್ತಲಿನ ಅಣುಗಳ ತಳ್ಳಾಟದಿಂದ ಆಗುವಂಥದ್ದು.

ಮಲೆನಾಡ_ಮೇಷ್ಟ್ರು:
ಹೇಳಿದೆ, ಮೇಡಂ. ಒಂದು ಕ್ಷಣ ಮುಖ ಸಪ್ಪಗಾಯಿತು. ಆಮೇಲೆ ಕೇಳಿದಳು: 'ಹಾಗಾದರೆ ಆ ಕಿಣ್ವ ಇಲ್ಲದ ಯೀಸ್ಟು ಎಲ್ಲಿ ಸಿಗುತ್ತದೆ ಸರ್?'

ಯೀಸ್ಟ್_ಸಂಶೋಧಕಿ:
ನಮ್ಮ ಪ್ರಯೋಗಾಲಯದ ಶೈತ್ಯಪೆಟ್ಟಿಗೆಯಲ್ಲಿ ಇದೆ. ಬೇಸಿಗೆ ರಜೆಯಲ್ಲಿ ಅವಳನ್ನು ಬೆಂಗಳೂರಿಗೆ ಕರೆತನ್ನಿ, ನಮ್ಮ ಗೈಡ್ ಒಪ್ಪಿದ್ದಾರೆ. ಹಿಂದಿನ ಸಂಜೆಯೇ ಯೀಸ್ಟನ್ನು ಸಾರಜನಕವಿಲ್ಲದ ದ್ರಾವಣಕ್ಕೆ ಹಾಕಿ ಸಿದ್ಧಮಾಡಿ ಇಟ್ಟಿರುತ್ತೇನೆ.